ಹಿರಿಯರ ತಂಡದಲ್ಲಿ ಕಿರಿಯ ಆಟಗಾರ

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿಯ ಮೈದಾನಗಳಲ್ಲಿ ಕ್ರಿಕೆಟಿನ ಸ್ಟಂಪುಗಳು ಮರೆಯಾಗಿ ಕಾಲ್ಚೆಂಡಿನ ಗೋಲುಕಂಬಗಳು ತಲೆಯೆತ್ತುವುವು. ಆಜಾದ್ ಮೈದಾನದ ಕೆಸರಿನಲ್ಲಿ ಶಾಲಾ ಬಾಲಕರು ಗುರುತು ಸಿಗದಷ್ಟು ಮಣ್ಣು ಮೆತ್ತಿಕೊಂಡು ಚೆಂಡಿನ ಹಿಂದೆ ಓಡುವ ನೋಟ ಈ ನಗರಕ್ಕೆ ಹೊಸದೇನೂ ಅಲ್ಲ. ನಮ್ಮ ಮಾಟುಂಗದಲ್ಲಿಯೂ ಡಾನ್ ಬಾಸ್ಕೊ ಶಾಲೆಯ ಬಯಲು ಈ ಆಟಕ್ಕೆ ಹೆಸರಾದುದು. ಹೀಗೆ ಓಡುವ ಹುಡುಗರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಹೊಟೇಲಿನ ಗಲ್ಲಾದಲ್ಲಿ ಕುಳಿತವರ, ಅಡಿಗೆಮನೆಯ ಬೆಂಕಿಯೆದುರು ನಿಂತವರ, ಕಚೇರಿಗಳಲ್ಲಿ ಲೆಕ್ಕ ಬರೆಯುವವರ ಮಕ್ಕಳು.

ಈ ಮಕ್ಕಳ ಪಾಲಕರಲ್ಲಿ ಕೆಲವರಿಗೆ ಒಂದು ದಿನ ತರಬೇತುದಾರರಿಂದ ಕರೆ ಬರುವುದು. "ನಿಮ್ಮ ಹುಡುಗನಿಗೆ ಅವನ ವಯಸ್ಸಿನವರಲ್ಲಿ ಸರಿಸಾಟಿಯಿಲ್ಲ. ಹನ್ನೆರಡರೊಳಗಿನವರ ತಂಡದಲ್ಲಿ ಅವನ ಕಾಲ ವ್ಯರ್ಥವಾಗುತ್ತಿದೆ. ಹದಿನಾಲ್ಕರೊಳಗಿನವರ ಜೊತೆ ಆಡಿಸೋಣ" ಎಂದು ಅವರು ಸೂಚಿಸುವರು. ತಂದೆಯ ಎದೆ ಉಬ್ಬುವುದು ಸಹಜ. ಆ ಸಂಜೆ ಮನೆಗೆ ಮೈಸೂರುಪಾಕಿನ ಪೊಟ್ಟಣ ಬಂದರೂ ಆಶ್ಚರ್ಯವಿಲ್ಲ. ತಾಯಿ ಮಾತ್ರ ಒಂದೇ ಪ್ರಶ್ನೆ ಕೇಳುವಳು: "ಆ ದೊಡ್ಡ ಹುಡುಗರು ಇವನನ್ನು ಕೆಡವಿದರೆ?" ತಂದೆಯ ಹೆಮ್ಮೆಯೂ ತಾಯಿಯ ಅಂಜಿಕೆಯೂ ಸಮಾನವಾಗಿ ವಿಚಾರಾರ್ಹವೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಲು ಬಯಸುತ್ತೇವೆ.

ಮೊದಲು ನಿಯಮದ ಮಾತು. ವಯೋಮಿತಿಯ ಪಂದ್ಯಾಟಗಳಲ್ಲಿ ಎಳೆಯುವ ಗೆರೆ ಮುಖ್ಯವಾಗಿ ಮೇಲಿನ ಗೆರೆ. ಹದಿನಾರರೊಳಗಿನವರ ಪಂದ್ಯದಲ್ಲಿ ಹದಿನೇಳರವನು ಆಡುವಂತಿಲ್ಲ. ಹದಿಮೂರರವನು ಆಡಿದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೆಲವು ಪಂದ್ಯಾಟಗಳಲ್ಲಿ ಕೆಳಗಿನ ಗೆರೆಯೂ ಇರುವುದರಿಂದ ಹೆಸರು ಕೊಡುವ ಮೊದಲು ಆಯಾ ನಿಯಮಾವಳಿಯನ್ನು ಓದಿ ನೋಡುವುದು ಲೇಸು. ಮುಂಬಯಿಯ ಅಂತರಶಾಲಾ ಪಂದ್ಯಗಳಾಗಲಿ, 1960ರಲ್ಲಿ ಆರಂಭವಾದ ಸುಬ್ರೊತೊ ಕಪ್ ಪಂದ್ಯಾಟವಾಗಲಿ ಹೀಗೆ ವಯಸ್ಸಿನ ಮೆಟ್ಟಿಲುಗಳ ಮೇಲೆ ನಿಂತಿವೆ. ಮೆಟ್ಟಿಲು ಏರಿದಂತೆ ಆಟವೇ ಬೇರೆಯಾಗುವುದು. ಚಿಕ್ಕ ಮಕ್ಕಳಿಗೆ ನಾಲ್ಕನೆಯ ಅಳತೆಯ ಚೆಂಡು, ಕಿರಿದಾದ ಅಂಗಣ, ಕಡಿಮೆ ಆಟಗಾರರ ತಂಡ ಯೋಗ್ಯವೆಂದು ತಿಳಿದವರು ಹೇಳುವರು. ಮೇಲೇರಿದೊಡನೆ ಐದನೆಯ ಅಳತೆಯ ಚೆಂಡು, ಪೂರ್ಣ ಅಂಗಣ, ಪಕ್ಷಕ್ಕೆ ಹನ್ನೊಂದು ಮಂದಿ, ಹೆಚ್ಚು ಹೊತ್ತಿನ ಆಟ. ಆದುದರಿಂದ ಹುಡುಗನು ಹತ್ತುವುದು ದೊಡ್ಡ ಹುಡುಗರ ನಡುವೆ ಮಾತ್ರವಲ್ಲ, ದೊಡ್ಡ ಆಟದೊಳಕ್ಕೆ.

ಈ ಆಟ ನಮ್ಮ ನಾಡಿನವರಿಗೆ ಪರಕೀಯವಲ್ಲ. 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪು ಬಹುಕಾಲ ಗೋರಾ ಪಲ್ಟನುಗಳ ಸೊತ್ತಾಗಿತ್ತು. 1937ರಲ್ಲಿ ಇದೇ ಮುಂಬಯಿಗೆ ಬಂದು ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದಲ್ಲಿ ಬರಿಗಾಲಿನಲ್ಲಿ ಚೆಂಡನ್ನು ಕುಣಿಸಿದ ಅಹ್ಮದ್ ಖಾನ್ ಬೆಂಗಳೂರಿನವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯನವರಿದ್ದರು. ಮುಂಬಯಿಯ ಲೀಗ್ ಪಂದ್ಯಗಳಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್ ನಮ್ಮ ನಾಡಿನ ಹೆಸರು ಹೊತ್ತು ಆಡುತ್ತ ಬಂದಿದೆ. 2023ರ ಮಾರ್ಚಿನಲ್ಲಿ ರಿಯಾಧ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು.

ಹಿಂದಿನ ತಲೆಮಾರಿನವರಿಗೆ ವಯಸ್ಸಿನ ಇಷ್ಟೊಂದು ಮೆಟ್ಟಿಲುಗಳಿರಲಿಲ್ಲ. ಬೀದಿಯಲ್ಲಿ ಹತ್ತರವನೂ ಇಪ್ಪತ್ತರವನೂ ಕೂಡಿಯೇ ಆಡುತ್ತಿದ್ದರು. ಆದುದರಿಂದ ಕೆಲವು ಹಿರಿಯರು ಕೇಳುವರು: ಅಂದು ಚಿಕ್ಕವರು ದೊಡ್ಡವರೊಡನೆ ಆಡಿಯೇ ಕಲಿತರಲ್ಲವೆ? ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಓಣಿಯ ಆಟದಲ್ಲಿ ದೊಡ್ಡ ಹುಡುಗನು ಚಿಕ್ಕವನನ್ನು ಕಂಡೊಡನೆ ಕಾಲನ್ನು ಹಿಂದೆಗೆಯುವನು. ಇವನು ಎದುರುಮನೆಯ ತಮ್ಮನೆಂಬ ಅರಿವು ಅವನಿಗಿದೆ. ಇವನು ಬಿದ್ದರೆ ತನಗೇ ಏಟು ಬೀಳುವುದೆಂಬ ಭಯವೂ ಇದೆ. ಕಪ್ಪಿಗಾಗಿ ನಡೆಯುವ ಪಂದ್ಯದಲ್ಲಿ ಎದುರು ಪಕ್ಷದವನಿಗೆ ಆ ದಾಕ್ಷಿಣ್ಯವಿಲ್ಲ. ಇರಬೇಕೆಂದು ನಾವು ಕೇಳುವಂತೆಯೂ ಇಲ್ಲ. ಹಿರಿಯರ ಸಂಗಡ ಆಡಿ ಕಲಿಯುವುದು ಬೇರೆ, ಹಿರಿಯರ ಪಂದ್ಯಕ್ಕೆ ಹೆಸರು ಬರೆಯಿಸುವುದು ಬೇರೆ.

ಎಳೆಯರನ್ನು ಹಿರಿಯರ ಸಾಲಿನಲ್ಲಿ ನಿಲ್ಲಿಸುವುದೆಂದರೇನು ಎಂಬುದನ್ನು ನಮ್ಮ ಸಮಾಜಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಊರಿನ ಬಡತನಕ್ಕೆ ಬೆನ್ನು ತಿರುಗಿಸಿ, ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದು ಕಪ್ಪುಬಸಿ ತೊಳೆಯಲು ನಿಂತ ಹುಡುಗರ ಶ್ರಮ ಈ ನಗರದ ಉಡುಪಿ ಹೊಟೇಲುಗಳ ಚರಿತ್ರೆಯಲ್ಲಿ ಬೆರೆತಿದೆ. ಅವರಲ್ಲಿ ಕೆಲವರು ಮಾಲಿಕರಾದರು. ಅವರ ಕಥೆಗಳನ್ನು ಸಮಾರಂಭಗಳಲ್ಲಿ ಕೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಬೆನ್ನು ಬಾಗಿ, ಕಲಿತ ಅಕ್ಷರ ಮರೆತು ಹೋದವರ ಕಥೆಯನ್ನು ಹೇಳುವವರಿಲ್ಲ. ಮೇಲೆ ಬಂದವರಲ್ಲಿ ಅನೇಕರಿಗೆ ಊರುಗೋಲಾದುದು ರಾತ್ರಿಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ದೊಡ್ಡವರ ಕೆಲಸ ಮಾಡಿದ ಹುಡುಗನು ಎರಡು ತಾಸಿನ ಮಟ್ಟಿಗಾದರೂ ತನ್ನ ಓರಗೆಯವರ ನಡುವೆ ಮತ್ತೆ ಹುಡುಗನಾಗುತ್ತಿದ್ದನು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೊಟೇಲು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಸರಕಾರವೇ ನಿಷೇಧಿಸಿತು. ಆಟವು ದುಡಿಮೆಯಲ್ಲ, ನಿಜ. ಆದರೂ ಪಾಠ ಒಂದೇ: ಹಿರಿಯರ ನಡುವೆ ಹೋದ ಎಳೆಯನಿಗೆ ತನ್ನವರಲ್ಲಿಗೆ ಮರಳುವ ದಾರಿ ತೆರೆದಿರಬೇಕು.

ಇನ್ನು ದೇಹಶಾಸ್ತ್ರ ಏನು ಹೇಳುವುದೆಂಬುದನ್ನು ನೋಡೋಣ. ಜನ್ಮದಾಖಲೆ ಒಂದು ವಯಸ್ಸನ್ನು ಹೇಳಿದರೆ ಎಲುಬು ಇನ್ನೊಂದನ್ನು ಹೇಳುವುದುಂಟು. ಹುಡುಗರ ಎತ್ತರ ಅತಿ ವೇಗದಿಂದ ಏರುವುದು ಸರಾಸರಿ 14ನೆಯ ವಯಸ್ಸಿನ ಸುಮಾರಿಗೆ. ಹುಡುಗಿಯರಲ್ಲಿ 12ರ ಸುಮಾರಿಗೆ. ಇದು ಸರಾಸರಿಯ ಲೆಕ್ಕ. ಒಬ್ಬನಿಗೆ ಮೀಸೆ ಚಿಗುರುವಾಗ ಅದೇ ಬೆಂಚಿನಲ್ಲಿ ಕುಳಿತ ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಇದರ ಮೇಲೆ ತಿಂಗಳುಗಳ ವ್ಯತ್ಯಾಸ ಬೇರೆ. ಜನವರಿ 1ನ್ನು ಗಡುವಾಗಿಟ್ಟ ಪಂದ್ಯಾಟದಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿಗೆ ಸೇರುವರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವರೆಂಬುದನ್ನು 1985ರಲ್ಲಿ ಕೆನಡಾದ ಐಸ್ ಹಾಕಿ ಆಟಗಾರರನ್ನು ಕುರಿತ ಒಂದು ಅಧ್ಯಯನ ತೋರಿಸಿಕೊಟ್ಟಿತು. ಬಳಿಕ ಕಾಲ್ಚೆಂಡಿನಲ್ಲಿಯೂ ಇದೇ ಸಂಗತಿ ಕಂಡುಬಂದಿತು.

ಹೀಗಾಗಿ, ತನ್ನ ವಯಸ್ಸಿನವರಲ್ಲಿ ಸರಿಸಾಟಿಯಿಲ್ಲದ ಹುಡುಗರಲ್ಲಿ ಎರಡು ಬಗೆಯವರಿರುವರು. ಮೊದಲನೆಯವನು ದೇಹದಿಂದ ಮುಂದಾದವನು. ಬೇಗನೆ ಬೆಳೆದ ಇವನು ಭುಜದಿಂದ ಎದುರಾಳಿಗಳನ್ನು ಸರಿಸಿ, ಉದ್ದ ಹೆಜ್ಜೆಯಿಂದ ಹಿಂದಿಕ್ಕಿ, ಪಂದ್ಯಕ್ಕೆ ಮೂರು ನಾಲ್ಕು ಗೋಲು ಹೊಡೆಯುವನು. ಅವನಿಗೆ ಚೆಂಡನ್ನು ಹದವಾಗಿ ನಿಲ್ಲಿಸಲು, ತಲೆಯೆತ್ತಿ ನೋಡಲು, ಸಂಗಾತಿಗೆ ಸರಿಯಾದ ಕ್ಷಣದಲ್ಲಿ ದಾಟಿಸಲು ಕಲಿಯಬೇಕಾದ ಪ್ರಮೇಯವೇ ಬರುವುದಿಲ್ಲ. ಹದಿನಾರು ಹದಿನೇಳಕ್ಕೆ ಉಳಿದವರೂ ಬೆಳೆದು ಅವನ ಸಮಕ್ಕೆ ನಿಂತಾಗ ಅವನ ಜೋಳಿಗೆ ಬರಿದಾಗಿರುವುದು. ಇಂಥವನಿಗೆ ಹಿರಿಯರ ತಂಡ ಔಷಧದಂತೆ. ಎರಡನೆಯವನು ಕೌಶಲದಿಂದ ಮುಂದಾದವನು. ದೇಹ ಸಣ್ಣದು, ಕಾಲಿನಲ್ಲಿ ಜಾಣತನ. ಇವನು ಹಿರಿಯರ ಅಭ್ಯಾಸದಲ್ಲಿ ಸೇರಿದರೆ ಇನ್ನಷ್ಟು ಬೇಗ ಯೋಚಿಸಲು ಕಲಿಯುವನು. ಆದರೆ ಪೂರ್ಣ ಪಂದ್ಯಕ್ಕೆ ಇವನನ್ನು ಇಳಿಸುವುದು ನಿಧಾನವಾಗಿ, ಹತ್ತು ಹದಿನೈದು ನಿಮಿಷಗಳಿಂದ ಆರಂಭವಾಗಬೇಕು. ತರಬೇತುದಾರರು ಇಬ್ಬರನ್ನೂ ಒಂದೇ ಮಾತಿನಿಂದ ಹೊಗಳುವರು. ಇಬ್ಬರಿಗೂ ಬೇಕಾದ ಉಪಚಾರ ಮಾತ್ರ ಬೇರೆ ಬೇರೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರು 2015ರಲ್ಲಿ ಈ ದಿಕ್ಕಿನಲ್ಲಿ ಒಂದು ಪ್ರಯೋಗ ನಡೆಸಿದರು. 11ರಿಂದ 14 ವರ್ಷದ ಹುಡುಗರನ್ನು ಹುಟ್ಟಿದ ವರ್ಷದಿಂದ ವಿಂಗಡಿಸದೆ, ಪೂರ್ಣ ಬೆಳೆದಾಗ ಅವರು ತಲುಪಬಹುದಾದ ಎತ್ತರದಲ್ಲಿ ಈಗ ಶೇಕಡಾ 85ರಿಂದ 90ರಷ್ಟು ತಲುಪಿದವರನ್ನು ಒಟ್ಟುಗೂಡಿಸಿ ಆಡಿಸಿದರು. ಬೇಗ ಬೆಳೆದವರು ಬಲವೊಂದನ್ನೇ ನಂಬಿದರೆ ಸಾಲದೆಂದು ಕಂಡುಕೊಂಡರು. ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲವನ್ನೂ ಮುಂದಾಳುತನವನ್ನೂ ತೋರಿಸಲು ಎಡೆ ದೊರೆಯಿತು. ಮೇಲೆ ಕಳುಹಿಸುವುದು ಕೆಲವರಿಗೆ ಹಿತ, ಕೆಳಗೆ ಉಳಿಸಿಕೊಳ್ಳುವುದು ಕೆಲವರಿಗೆ ಹಿತ ಎಂಬುದೇ ಇದರ ಸಾರ. ಹಿಟ್ಟು ಹುದುಗು ಬಂದಿದೆಯೋ ಇಲ್ಲವೋ ಎಂಬುದನ್ನು ಗಡಿಯಾರ ನೋಡಿ ಹೇಳಲಾಗದು, ಪಾತ್ರೆಯ ಮುಚ್ಚಳ ತೆರೆದು ನೋಡಬೇಕೆಂಬುದು ನಮ್ಮ ಭಟ್ಟರಿಗೆಲ್ಲ ತಿಳಿದ ಮಾತೇ ಆಗಿದೆ.

ತಾಯಿಯ ಅಂಜಿಕೆಗೂ ಆಧಾರವಿದೆ. ಬೆಳವಣಿಗೆಯ ಭರದಲ್ಲಿರುವ ಹುಡುಗರಿಗೆ ಮೊಣಕಾಲಿನ ಕೆಳಗೂ ಹಿಮ್ಮಡಿಯಲ್ಲಿಯೂ ನೋವು ಕಾಣಿಸಿಕೊಳ್ಳುವುದುಂಟು. ಸ್ನಾಯುವಿನ ಎಳೆತ ಬೀಳುವ ಕಡೆ ಎಲುಬಿನ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರದುದೇ ಇದಕ್ಕೆ ಕಾರಣ. ವೈದ್ಯರು ಮೊಣಕಾಲಿನದನ್ನು ಆಸ್‌ಗುಡ್-ಶ್ಲಾಟರ್ ಎಂದೂ ಹಿಮ್ಮಡಿಯದನ್ನು ಸೀವರ್ ಎಂದೂ ಕರೆಯುವರು. ವಿಶ್ರಾಂತಿಯಿಂದ ಶಮನವಾಗುವ ಈ ನೋವು, ಹುಡುಗನು ಎರಡು ತಂಡಗಳಿಗೆ ಆಡತೊಡಗಿದರೆ ಶಮನವಾಗಲು ಅವಕಾಶವೇ ದೊರೆಯದು. ಶನಿವಾರ ಚಿಕ್ಕವರ ಪಂದ್ಯ, ರವಿವಾರ ದೊಡ್ಡವರ ಪಂದ್ಯ, ನಡುವೆ ಎರಡೂ ತಂಡಗಳ ಅಭ್ಯಾಸ ಎಂದರೆ ಹನ್ನೆರಡರ ಕಾಲು ಎಷ್ಟೆಂದು ತಾಳೀತು? ಇದರ ತದ್ವಿರುದ್ಧವಾದ ಹಾನಿಯೂ ಇದೆ. ಮೇಲಿನ ತಂಡಕ್ಕೆ ಹೋದ ಹುಡುಗ ಅಲ್ಲಿ ಹದಿನಾಲ್ಕನೆಯವನಾಗಿ ಬೆಂಚಿನ ಮೇಲೆ ಕುಳಿತೇ ವರ್ಷ ಕಳೆಯಬಹುದು. ಕೆಳಗಿದ್ದರೆ ನೂರು ಸಲ ಮುಟ್ಟುತ್ತಿದ್ದ ಚೆಂಡನ್ನು ಅಲ್ಲಿ ಹತ್ತು ಸಲವೂ ಮುಟ್ಟಲಾರನು. ಇನ್ನು ದೊಡ್ಡ ಹುಡುಗರ ಮಾತು, ಹಾಸ್ಯ, ಕೆಟ್ಟ ಚಟಗಳು ಕಿರಿಯನ ಕಿವಿಗೂ ಕಣ್ಣಿಗೂ ಬೀಳುವುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಗತ್ಪ್ರಸಿದ್ಧರ ನಿದರ್ಶನಗಳನ್ನು ಕೊಡುವವರು ಬಹಳ. ಪೆಲೆ 15ರಲ್ಲಿಯೇ ಸಾಂಟೋಸ್ ತಂಡಕ್ಕೆ ಆಡಿ, 17ರಲ್ಲಿ 1958ರ ವಿಶ್ವಕಪ್ಪಿನಲ್ಲಿ ಆರು ಗೋಲು ಹೊಡೆದನು. ನಮ್ಮ ನೆರೆಯ ದಾದರಿನ ಶಾಲೆಯಲ್ಲಿ ಓದಿದ ಸಚಿನ್ ತೆಂಡುಲ್ಕರ್ 1988ರ ಡಿಸೆಂಬರಿನಲ್ಲಿ, 15ರ ಹರೆಯದಲ್ಲಿ, ಮುಂಬಯಿಯ ಪರವಾಗಿ ಮೊದಲ ರಣಜಿ ಪಂದ್ಯದಲ್ಲಿಯೇ ಶತಕ ಬಾರಿಸಿದನು. ಇವು ನಿಜ. ಆದರೆ ಕ್ರಿಕೆಟಿನಲ್ಲಿ ಎದುರಾಳಿಯ ಮೈ ಬಂದು ಮೈಗೆ ತಾಗುವುದಿಲ್ಲ. ಪೆಲೆಯ ಹೆಸರನ್ನು ಹೇಳುವಾಗ ಫ್ರೆಡ್ಡಿ ಅಡುವಿನ ಹೆಸರನ್ನೂ ಹೇಳಬೇಕು. 2004ರಲ್ಲಿ, 14ರ ವಯಸ್ಸಿನಲ್ಲಿ, ಅಮೆರಿಕದ ವೃತ್ತಿಪರ ಲೀಗಿನಲ್ಲಿ ಇಳಿದ ಆ ಹುಡುಗನನ್ನು ಮುಂದಿನ ಪೆಲೆಯೆಂದು ಜಗತ್ತೇ ಸಾರಿತು. ಅನಂತರ ಅವನು ದೇಶದಿಂದ ದೇಶಕ್ಕೆ, ತಂಡದಿಂದ ತಂಡಕ್ಕೆ ಅಲೆದನು. ಆ ನಿರೀಕ್ಷೆ ಫಲಿಸಲಿಲ್ಲ.

ನಮಗೆ ಎಲ್ಲಕ್ಕಿಂತ ಬೋಧಪ್ರದವಾಗಿ ಕಾಣುವುದು ಮರಡೋನನ ಬಾಲ್ಯ. 1976ರ ಅಕ್ಟೋಬರ್ 20ರಂದು, 16 ತುಂಬಲು ಹತ್ತು ದಿನಗಳಿರುವಾಗ, ಅವನು ಅರ್ಜೆಂಟಿನೋಸ್ ಜೂನಿಯರ್ಸ್ ತಂಡದ ಪರವಾಗಿ ದೊಡ್ಡವರ ಲೀಗಿನಲ್ಲಿ ಆಡಿದನು. ಮುಂದಿನ ವರ್ಷ ರಾಷ್ಟ್ರತಂಡಕ್ಕೂ ಆಡಿದನು. ಆದರೆ 1978ರ ವಿಶ್ವಕಪ್ ತನ್ನ ದೇಶದಲ್ಲಿಯೇ ನಡೆದಾಗ ತರಬೇತುದಾರ ಮೆನೊಟ್ಟಿ ಅವನನ್ನು ತಂಡದಿಂದ ಕೈಬಿಟ್ಟರು. 17ರ ಹುಡುಗನಿಗೆ ಅದು ದೊಡ್ಡ ಆಘಾತ. ಮರುವರ್ಷ ಜಪಾನಿನಲ್ಲಿ ನಡೆದ ಕಿರಿಯರ ವಿಶ್ವಕಪ್ಪಿಗೆ ಅದೇ ಮೆನೊಟ್ಟಿ ಅವನನ್ನು ನಾಯಕನನ್ನಾಗಿ ಕರೆದೊಯ್ದರು, ಅರ್ಜೆಂಟೀನ ಗೆದ್ದಿತು. ದೊಡ್ಡವರ ಜೊತೆ ಪಳಗಿದ ಹುಡುಗನು ಓರಗೆಯವರಲ್ಲಿಗೆ ಮರಳಿ ಮುಂದಾಳಾದನು. ಮರಳಿದುದರಿಂದ ಅವನ ಮಾನವೇನೂ ಕಡಿಮೆಯಾಗಲಿಲ್ಲ.

ನಮ್ಮ ದೇಶದಲ್ಲಿಯೂ ಇಡೀ ತಂಡವೊಂದನ್ನೇ ಮೇಲೇರಿಸಿದ ಪ್ರಯೋಗ ನಡೆದಿದೆ. 2017ರ ಅಕ್ಟೋಬರಿನಲ್ಲಿ ಹದಿನೇಳರೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಿತು. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣವೂ ಅದರ ಒಂದು ರಂಗಸ್ಥಳವಾಗಿತ್ತು. ದಿಲ್ಲಿಯಲ್ಲಿ ಆಡಿದ ನಮ್ಮ ಹುಡುಗರು ಮೂರು ಪಂದ್ಯಗಳನ್ನೂ ಸೋತರು. ಕೊಲಂಬಿಯದ ವಿರುದ್ಧ ಜೀಕ್ಸನ್ ಸಿಂಗ್ ಹೊಡೆದ ಗೋಲು ಮಾತ್ರ ಚರಿತ್ರೆಗೆ ಸೇರಿತು. ಅನಂತರ ಈ ಹುಡುಗರನ್ನು ಮನೆಗೆ ಕಳುಹಿಸದೆ, ಸ್ವಲ್ಪ ಹಿರಿಯರಾದ ಕೆಲವು ಕಿರಿಯ ಆಟಗಾರರನ್ನೂ ಕೂಡಿಸಿ, ರಾಷ್ಟ್ರೀಯ ಫೆಡರೇಶನ್ 'ಇಂಡಿಯನ್ ಆ್ಯರೋಸ್' ಎಂಬ ಹೆಸರಿನಲ್ಲಿ ವಯಸ್ಕರ ಐ-ಲೀಗಿಗೆ ಇಳಿಸಿತು. ಮೊದಲ ಪಂದ್ಯದಲ್ಲಿ ಅವರು ಚೆನ್ನೈ ಸಿಟಿ ತಂಡವನ್ನು 3-0ರಿಂದ ಸೋಲಿಸಿದರು. ಋತು ಮುಗಿದಾಗ ಕೊನೆಯ ಸ್ಥಾನದಲ್ಲಿದ್ದರು. ಆದರೆ ಕೊನೆಯ ಸ್ಥಾನದ ತಂಡವನ್ನು ಕೆಳಗಿಳಿಸುವ ಶಿಕ್ಷೆ ಅವರಿಗೆ ಅನ್ವಯಿಸುತ್ತಿರಲಿಲ್ಲ. 2019-20ರಲ್ಲಿ ಈ ತಂಡದ ತವರು ಮೈದಾನ ನಮ್ಮ ಕೂಪರೇಜ್ ಆಗಿತ್ತು. 2022ರಲ್ಲಿ ಫೆಡರೇಶನ್ ಈ ತಂಡವನ್ನು ಮುಚ್ಚಿತು. ಅಷ್ಟರಲ್ಲಿ ಜೀಕ್ಸನ್ ಸಿಂಗ್, ಬೆಂಗಳೂರು ಎಫ್.ಸಿ. ಸೇರಿದ ಸುರೇಶ್ ಸಿಂಗ್ ಮೊದಲಾದವರು ಭಾರತದ ಹಿರಿಯರ ತಂಡದವರೆಗೆ ನಡೆದಿದ್ದರು. ಕಿರಿಯರು ಒಬ್ಬಂಟಿಯಾಗಿ ಹೋಗದೆ ಜೊತೆಯಾಗಿ ಹೋದರು. ಅವರ ಸೋಲನ್ನು ಅಪರಾಧವೆಂದು ಯಾರೂ ಎಣಿಸಲಿಲ್ಲ. ಈ ಎರಡು ಏರ್ಪಾಡುಗಳೇ ಆ ಪ್ರಯೋಗದ ಬಲವೆಂದು ನಾವು ತಿಳಿಯುತ್ತೇವೆ.

ಮೇಲೇರುವವರ ಮಾತಾಡುವಾಗ ಕೆಳಗಿಳಿಯುವವರನ್ನು ಮರೆಯುವಂತಿಲ್ಲ. ಹದಿನಾರರ ಹುಡುಗನ ಜನ್ಮದಾಖಲೆ ತಿದ್ದಿಸಿ ಹದಿನಾಲ್ಕರೊಳಗಿನವರ ತಂಡದಲ್ಲಿ ಆಡಿಸುವ ಕೆಟ್ಟ ಚಾಳಿ ನಮ್ಮ ದೇಶದ ಕ್ರೀಡೆಗೆ ಹಳೆಯ ರೋಗ. ಈ ರೋಗ ಜಗತ್ತಿನ ಇತರೆಡೆಯೂ ಇರುವುದರಿಂದಲೇ ಫಿಫಾ ಸಂಸ್ಥೆ 2009ರಿಂದ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯನ್ನು ಜಾರಿಗೆ ತಂದಿತು. ಸುಳ್ಳು ದಾಖಲೆಯವನು ಒಬ್ಬ ಕಿರಿಯನ ಜಾಗವನ್ನು ಕಸಿಯುವನು; ಅವನ ಕಾಲಿಗೆ ಸಿಕ್ಕವನಿಗೆ ಅಪಾಯವನ್ನೂ ತರುವನು. ಹನ್ನೆರಡರ ಹುಡುಗನನ್ನು ಹದಿನಾಲ್ಕರವರೊಳಕ್ಕೆ ಕಳುಹಿಸುವ ತಂದೆ ಈ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಗದದ ಮೇಲಿನ ಎರಡು ವರ್ಷಗಳ ಅಂತರ ಮೈದಾನದಲ್ಲಿ ನಾಲ್ಕು ವರ್ಷಗಳಾಗಿ ಎದುರು ನಿಂತೀತು.

ಹಾಗಾದರೆ ಪಾಲಕರು ಮಾಡಬೇಕಾದುದೇನು? ತರಬೇತುದಾರರನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ, ನಾಲ್ಕು ಪ್ರಶ್ನೆ ಕೇಳಬೇಕು. ಮೊದಲನೆಯದು: ಈ ಸೂಚನೆ ಹುಡುಗನ ಹಿತಕ್ಕಾಗಿಯೋ, ಮೇಲಿನ ತಂಡದಲ್ಲಿ ಒಬ್ಬನು ಕಡಿಮೆ ಬಿದ್ದುದಕ್ಕಾಗಿಯೋ? ಎರಡನೆಯದು: ಅಲ್ಲಿ ಅವನು ನಿಜವಾಗಿ ಎಷ್ಟು ನಿಮಿಷ ಆಡುವನು? ಮೂರನೆಯದು: ಎರಡು ತಂಡಗಳ ಭಾರ ಬೀಳದಂತೆ ಲೆಕ್ಕವಿಡುವವರು ಯಾರು? ನಾಲ್ಕನೆಯದು: ಮೂರು ತಿಂಗಳ ಬಳಿಕ ಹಿಡಿಸದಿದ್ದರೆ ಅವನನ್ನು ಮುಖ ಕೆಡದಂತೆ ಹಳೆಯ ತಂಡಕ್ಕೆ ಮರಳಿಸುವಿರಾ? ಈ ಕೊನೆಯ ಪ್ರಶ್ನೆಗೆ ನೇರವಾದ ಉತ್ತರ ಬಾರದಿದ್ದರೆ ಹುಡುಗನನ್ನು ಕಳುಹಿಸಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಭ್ಯಾಸದಲ್ಲಿ ಹಿರಿಯರ ಜೊತೆ, ಪಂದ್ಯದಲ್ಲಿ ಓರಗೆಯವರ ಜೊತೆ ಎಂಬ ನಡುದಾರಿಯೂ ಇದೆ. ಬಹುಮಂದಿ ಹುಡುಗರಿಗೆ ಅದೇ ಸಾಕು.

ಐದನೆಯ ಪ್ರಶ್ನೆಯನ್ನು ಕೇಳಬೇಕಾದುದು ಹುಡುಗನನ್ನೇ. ಹೊಟೇಲಿನ ಪಾಳಿಯಲ್ಲಿರುವ ತಂದೆಗೆ ಪಂದ್ಯ ನೋಡಲು ಬಿಡುವಿರದು. ಕಚೇರಿಯ ಗುಮಾಸ್ತನು ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಮನೆ ಸೇರುವಾಗ ಮೈದಾನದಲ್ಲಿ ಕತ್ತಲೆ. ಆದರೂ ಊಟಕ್ಕೆ ಕುಳಿತಾಗ "ಎಷ್ಟು ಗೋಲು ಹೊಡೆದೆ?" ಎಂಬುದರ ಬದಲು "ಇವತ್ತು ಹೊಸದೇನು ಕಲಿತೆ? ಆಡಲು ಖುಷಿಯಾಯಿತೆ?" ಎಂದು ಕೇಳಬಹುದು. ವಾರಗಟ್ಟಲೆ ಆ ಪ್ರಶ್ನೆಗೆ ಹುಡುಗನು ತಟ್ಟೆ ನೋಡುತ್ತ ಸುಮ್ಮನಿದ್ದರೆ ಅದೂ ಒಂದು ಉತ್ತರವೆಂದು ತಂದೆ ತಿಳಿಯಬೇಕು. ಮಕ್ಕಳು ಮೇಲೇರಲಿ ಎಂಬ ಹಂಬಲದಿಂದಲೇ ನಾವೆಲ್ಲ ಊರು ಬಿಟ್ಟು ಈ ನಗರಕ್ಕೆ ಬಂದವರು. ಆ ಹಂಬಲಕ್ಕೆ ನಾಚಬೇಕಾಗಿಲ್ಲ. ನಮ್ಮಲ್ಲಿ ಅನೇಕರಿಗೆ ಸಿಗದೆ ಹೋದ ಬಾಲ್ಯವನ್ನು ಮಾತ್ರ ನಮ್ಮ ಮಕ್ಕಳು ಪೂರ್ತಿಯಾಗಿ ಅನುಭವಿಸಲಿ. ಹದಿನಾಲ್ಕರೊಳಗಿನವರ ತಂಡ ಎರಡು ವರ್ಷಗಳ ಬಳಿಕವೂ ಅಲ್ಲಿಯೇ ಇರುವುದು. ಹನ್ನೆರಡನೆಯ ವಯಸ್ಸು ಹುಡುಗನಿಗೆ ಮತ್ತೊಮ್ಮೆ ಬಾರದು.